ಬುಧವಾರದ ಜೀಪು, ಅಕ್ಕೂರಿನ ಹುಳ

ಬುಧವಾರದ ಜೀಪು ಯಾವ ವಿಭಾಗಕ್ಕೆ ಸೇರಿದ್ದು ಎಂಬುದು ಈ ಸೀಮೆಯ ವಿದ್ಯೆಯ ಚರಿತ್ರೆಯಲ್ಲಿ ಹಗುರವಾಗಿ ತೆಗೆದುಕೊಳ್ಳುವ ಪ್ರಶ್ನೆಯಲ್ಲ. ರಾಜ್ಯಗಳ ಗಡಿಗಳನ್ನು ಇದಕ್ಕಿಂತ ಕಡಿಮೆ ಚರ್ಚೆಯಲ್ಲಿ ಗುರುತು ಮಾಡಿದ್ದಾರೆ. ರಾಮನಗರದ ಹೊರವಲಯದಲ್ಲಿದ್ದ ಸ್ನಾತಕೋತ್ತರ ಕೇಂದ್ರಕ್ಕೆ ಐದು ವಿಭಾಗಗಳಿದ್ದವು, ಜೀಪು ಒಂದೇ ಇತ್ತು. ಐದು ದಿನ ಐದು ವಿಭಾಗಕ್ಕೆ, ಆರನೆಯ ದಿನ ರಿಪೇರಿಗೆ ಎಂದು 2003ರ ಒಂದು ಸಭೆಯಲ್ಲಿ ಮೂರೂವರೆ ಗಂಟೆ ಮಾತಾಡಿ, ಹಸಿರು ರಟ್ಟಿನ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿದ್ದರು. ಮಂಗಳವಾರ ಸಂಖ್ಯಾಶಾಸ್ತ್ರ, ಬುಧವಾರ ಇತಿಹಾಸ, ಗುರುವಾರ ಪ್ರಾಣಿಶಾಸ್ತ್ರ. ಸಂಖ್ಯಾಶಾಸ್ತ್ರಕ್ಕೆ ಹೋಗಿ ನೋಡಬೇಕಾದದ್ದು ಎಲ್ಲೂ ಇರಲಿಲ್ಲ. ಆದರೂ ಅದು ಮಂಗಳವಾರವನ್ನು ಬಿಟ್ಟುಕೊಡಲಿಲ್ಲ. ಆ ದಿನ ಜೀಪು ಹುಣಸೆ ಮರದ ಕೆಳಗೆ ನಿಂತು ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಹೊತ್ತು ಕಳೆಯುತ್ತಿತ್ತು.

2006ರ ಮಾರ್ಚಿನ ಒಂದು ಬುಧವಾರ, ಎಂಟಕ್ಕೆ ಹತ್ತು ನಿಮಿಷವಿರುವಾಗ, ಕಚೇರಿಯ ಫೋನು ಹೊಡೆದುಕೊಂಡಿತು. ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರಿಂದ ಕೇಂದ್ರದಲ್ಲಿ ವಿದ್ಯಾರ್ಥಿಗಳು ಯಾರೂ ಇರಲಿಲ್ಲ. ಕೇಂದ್ರ ಅತ್ಯಂತ ಶಿಸ್ತಿನಿಂದಿರುವ ಕಾಲ ಅದು. ಹಾಜರಿ ಹಾಕಲು ಬಂದಿದ್ದ ಪ್ರಾಣಿಶಾಸ್ತ್ರದ ರೀಡರ್ ಲತಾಮಣಿಯೇ ಫೋನೆತ್ತಿದಳು.

“ಮೇಡಮ್, ನಾನು ಪುಟ್ಸಾಮಿ, ಅಕ್ಕೂರಿಂದ. ಹುಳ ಹಣ್ಣಾಗ್ಬುಟ್ಟವೆ!”

“ನಾಳೆ ಅಲ್ವಾ ಪುಟ್ಟಸ್ವಾಮಿ?”

“ನಾಳೆ ಅಂತ ನಿಮ್ ಪೇಪರ್ನಾಗ್ ಐತೆ. ಹುಳ ಓದಿಲ್ವಲ್ಲ!”

“ಎಷ್ಟು ಹಣ್ಣಾಗಿವೆ?”

“ಎಷ್ಟು ಅಂತ ಹೇಳನ? ಬಲಗಡೆ ಮನೇವು ಪೂರ್ತಿ ತಲೆ ಎತ್ಕಂಡ್ ಕುಂತವೆ. ನಮ್ಮವಳೊಬ್ಬಳೇ ಆಯ್ತಾ ಅವ್ಳೆ. ಬೇಗ್ ಬನ್ನಿ, ಇಲ್ದಿದ್ರೆ...”

ಅಷ್ಟಕ್ಕೆ ಅವನು ಹಾಕಿದ್ದ ಒಂದು ರೂಪಾಯಿ ಮುಗಿಯಿತು.

ಇಲ್ದಿದ್ರೆ ಏನಾಗುತ್ತದೆಂದು ಲತಾಮಣಿಗೆ ಹೇಳಿಕೊಡಬೇಕಾಗಿರಲಿಲ್ಲ. ರೇಷ್ಮೆ ಹುಳ ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ನಿದ್ದೆ, ದಾಟಿ, ಏಳೆಂಟು ದಿನ ಹಗಲಿರುಳೂ ಸೊಪ್ಪು ತಿಂದು, ಕೊನೆಗೊಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ. ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಇದನ್ನೇ ಹಣ್ಣಾಗುವುದು ಅನ್ನುತ್ತಾರೆ. ಆಗ ಒಂದೊಂದನ್ನೇ ಕೈಯಲ್ಲಿ ಆಯ್ದು ಚಂದ್ರಂಕಿಗೆ, ಅಂದರೆ ಬಿದಿರಿನ ಪಟ್ಟಿಯನ್ನು ಸುತ್ತು ಸುತ್ತಾಗಿ ಕಟ್ಟಿದ ಆಳೆತ್ತರದ ತಟ್ಟಿಗೆ, ಬಿಡಬೇಕು. ತಡವಾದರೆ ಅದು ಕೂತಲ್ಲೇ, ಹಿಪ್ಪೆಯ, ಅಂದರೆ ತಿಂದುಳಿದ ಕಸದ, ನಡುವೆಯೇ ನೂಲತೊಡಗುತ್ತದೆ. ಆ ಗೂಡನ್ನು ಯಾರೂ ಕೇಳುವುದಿಲ್ಲ.

ಎಲ್ಲ ಹುಳವೂ ಒಟ್ಟಿಗೆ ಹಣ್ಣಾಗುವುದಿಲ್ಲ. ಎರಡು ಮೂರು ದಿನ ಎಳೆಯುತ್ತದೆ. ಹಿಂದೆ ಅದಕ್ಕೆ ಚಿಂತೆಯಿರಲಿಲ್ಲ. ಊರ ಹೆಣ್ಣುಮಕ್ಕಳೆಲ್ಲ ಸರದಿಯ ಮೇಲೆ ಬಂದು ಆಯ್ದುಕೊಡುತ್ತಿದ್ದರು. ಈಗ ಬೆಳಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ಸು ಬಂದು ಆ ಕೈಗಳನ್ನೆಲ್ಲ ಎಣಿಸಿ ಹತ್ತಿಸಿಕೊಂಡು ಹೋಗುತ್ತದೆ. ಇದನ್ನು ಕಂಡೇ ಲತಾಮಣಿ ತನ್ನ ಸಂಶೋಧನೆ ಹೂಡಿದ್ದಳು: ಬೇಲಿ ಬದಿಯ ಉತ್ತರಾಣಿ ಗಿಡದ ಕಷಾಯವನ್ನು ಕೊನೆಯ ಸೊಪ್ಪಿಗೆ ಚಿಮುಕಿಸಿದರೆ ಹುಳಗಳೆಲ್ಲ ಒಂದೇ ದಿನದಲ್ಲಿ ಹಣ್ಣಾಗುತ್ತವೆ ಎಂದು. ವಿಶ್ವವಿದ್ಯಾನಿಲಯ ಮೂರು ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತ್ತು. ಮೊದಲ ಎರಡರಲ್ಲಿ ಕಷಾಯ ತಿಂದ ಹುಳಕ್ಕೂ ತಿನ್ನದ ಹುಳಕ್ಕೂ ನಾಲ್ಕೈದು ಗಂಟೆಯ ವ್ಯತ್ಯಾಸ. ಸಂಖ್ಯಾಶಾಸ್ತ್ರದ ಕೆಂಪರಾಜು ಎರಡು ಸಲವೂ ಕೂಡಿ ಕಳೆದು, “ಗಣನೀಯವಲ್ಲ” ಎಂದು ಮೂರನೆಯವರ ಮನೆಯ ಸಾವಿನ ಸುದ್ದಿ ಹೇಳುವಂತೆ ಹೇಳಿದ್ದ. ಇದು ಮೂರನೆಯದು. ಇದೂ ಹಾಗೇ ಆದರೆ ತಿಂಗಳ ಮೂವತ್ತೊಂದಕ್ಕೆ ಯೋಜನೆ ಮುಗಿಯುತ್ತದೆ, ಎರಡು ವರ್ಷದ ಕೆಲಸ ಒಂದು ಕಬ್ಬಿಣದ ಬೀರುವಿಗೆ ಸೇರುತ್ತದೆ.

ಮತ್ತೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ಒಂದೇ ದಿನದಲ್ಲಿ ಹಣ್ಣು ಮಾಡುವ ಕಷಾಯ ಕಂಡುಹಿಡಿಯಲು ಹೊರಟ ಲತಾಮಣಿ, ಹುಳ ಆಯಲು ಆಳುಗಳನ್ನು ಗೊತ್ತು ಮಾಡಿದ್ದು ಗುರುವಾರ, ಶುಕ್ರವಾರ, ಶನಿವಾರ, ದಿನಕ್ಕೆ ನಾಲ್ವರಂತೆ. ಬುಧವಾರಕ್ಕೆ ಒಬ್ಬರೂ ಇಲ್ಲ.

ಅವಳು ಹೊರಗೆ ಓಡಿ ಬಂದಾಗ ಜೀಪಿನ ಮುಂದಿನ ಸೀಟಿನಲ್ಲಿ ಇತಿಹಾಸದ ಪ್ರೊಫೆಸರ್ ಅನಂತರಾಜು ಆಗಲೇ ಕೂತಿದ್ದರು. ಇಸ್ತ್ರಿಯ ಜುಬ್ಬ, ಪಂಚೆ, ತೊಡೆಯ ಮೇಲೆ ಊಟದ ಡಬ್ಬಿ, ಕಾಲ ಬಳಿ ಬಟ್ಟೆಯಲ್ಲಿ ಸುತ್ತಿದ ಚೌಕದ ಕನ್ನಡಿ. ಕನಕಪುರದಾಚೆ ಉಯ್ಯಂಬಳ್ಳಿಯಲ್ಲಿ ಅವರಿಗಾಗಿ ಒಂದು ವೀರಗಲ್ಲು ಕಾಯುತ್ತಿತ್ತು. ಮೂರು ತಿಂಗಳಿಂದ ಪ್ರತಿ ಬುಧವಾರ ಏನಾದರೊಂದು ಅಡ್ಡ ಬಂದು ಹೋಗಲಾಗಿರಲಿಲ್ಲ. ಇವತ್ತಿನ ಅಡ್ಡ ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿರುವುದನ್ನು ಕಂಡು ಅವರು ಒಂದು ಚಿಟಿಕೆ ನಶ್ಯ ಏರಿಸಿದರು.

“ಸಾರ್, ಜೀಪು ಬೇಕು. ಅಕ್ಕೂರಿಗೆ.”

“ಇವತ್ತು ಬುಧವಾರ ಮೇಡಮ್.”

“ಗೊತ್ತು ಸಾರ್. ಹುಳಕ್ಕೆ ಗೊತ್ತಿಲ್ಲ.”

“ಆ ಕಲ್ಲು ಏಳುನೂರು ವರ್ಷದಿಂದ ಕಾದಿದೆ.”

“ಹಾಗಾದ್ರೆ ಅದಕ್ಕೆ ಕಾದು ಅಭ್ಯಾಸವಾಗಿರುತ್ತೆ ಸಾರ್. ಹುಳಕ್ಕೆ ಸಂಜೆ ತನಕ ಟೈಮು.”

ವಿಷಯ ಕೇಂದ್ರದ ನಿರ್ದೇಶಕರಾದ ಬೋರಲಿಂಗಯ್ಯನವರ ಮೇಜಿಗೆ ಹೋಯಿತು. ವಾಣಿಜ್ಯಶಾಸ್ತ್ರದವರಾದ ಅವರು ಯಾವುದನ್ನೂ ಪುಸ್ತಕ ನೋಡದೆ ಹೇಳುತ್ತಿರಲಿಲ್ಲ. ಹಸಿರು ರಟ್ಟು ತೆಗೆದರು, ಕನ್ನಡಕ ಹಾಕಿದರು, ಓದಿದರು. ಲತಾಮಣಿ ಗೋಡೆಯ ಗಡಿಯಾರ ನೋಡುತ್ತಿದ್ದಳು.

“ಇತಿಹಾಸದ ದಿನ ಪ್ರಾಣಿಶಾಸ್ತ್ರ ಜೀಪು ಒಯ್ಯುವಂತಿಲ್ಲ. ಸ್ಪಷ್ಟವಾಗಿದೆ,” ಎಂದರು ಬೋರಲಿಂಗಯ್ಯ. ಹಾಳೆ ಮಗುಚಿದರು. “ಆದರೆ ಇತಿಹಾಸ ತಾನು ಹೋಗುವಾಗ ಪ್ರಾಣಿಶಾಸ್ತ್ರವನ್ನ ಹತ್ತಿಸಿಕೊಳ್ಳಬಾರದು ಅಂತ ಎಲ್ಲೂ ಬರೆದಿಲ್ಲ. ಲಾಗ್ ಬುಕ್ಕಲ್ಲಿ ಪ್ರಯಾಣದ ಉದ್ದೇಶ ಇತಿಹಾಸದ್ದೇ ಇರಬೇಕು, ಅಷ್ಟೆ.”

“ಅಕ್ಕೂರಲ್ಲಿ ನನಗೇನು ಉದ್ದೇಶ?” ಎಂದರು ಅನಂತರಾಜು.

“ಎರಡು ವರ್ಷದ ಕೆಲಸ ಸಾರ್,” ಎಂದಳು ಲತಾಮಣಿ. ಆ ದನಿಯಲ್ಲಿ ವಾದವಿರಲಿಲ್ಲ.

ಅನಂತರಾಜು ಅವಳ ಮುಖ ನೋಡಿದರು. ಸವೆದ ಅಕ್ಷರಗಳನ್ನು ಓದಿ ಓದಿ ಅವರಿಗೆ ಮುಖ ಓದುವುದು ಕಷ್ಟವಾಗಿರಲಿಲ್ಲ. “ಹತ್ತಿ,” ಎಂದರು. ಮುಂದಿನ ಸೀಟು ಮಾತ್ರ ಬಿಟ್ಟುಕೊಡಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದ ಕೆಂಪರಾಜು ರಟ್ಟಿಗೆ ಸಿಕ್ಕಿಸಿದ ಹಾಳೆಗಳನ್ನು ಹಿಡಿದು ಹಿಂದಿನ ಸೀಟಿಗೆ ಜಿಗಿದಿದ್ದ. “ಒಂದು ದಿನ ಮುಂಚೆ ಅಂದ್ರೆ ಏನರ್ಥ ಗೊತ್ತಾ ಮೇಡಮ್? ಇದು ಹಳೇ ಎರಡು ಪ್ರಯೋಗದ ಥರ ಅಲ್ಲ! ಏನೋ ಆಗಿದೆ!” ಎಂದು ಚನ್ನಪಟ್ಟಣ ಬರುವವರೆಗೂ ಕಣ್ಣು ಅರಳಿಸಿಕೊಂಡೇ ಇದ್ದ. ಡ್ರೈವರ್ ಹಬೀಬ್ ಬಿಡದಿ ಕಡೆಗೆ ಹೊರಟ ಕಂಪನಿ ಬಸ್ಸುಗಳನ್ನೂ ಲಾರಿಗಳನ್ನೂ ಎದುರು ಬಿಟ್ಟುಕೊಂಡು, ಸರ್ಕಾರಿ ಜೀಪು ಹಿಂದೆಂದೂ ಕಾಣದ ವೇಗದಲ್ಲಿ ಓಡಿಸಿದ.

ಪುಟ್ಟಸ್ವಾಮಿಯ ಮನೆಯ ಬಾಗಿಲಲ್ಲಿ ಅವನ ಹೆಂಡತಿ ವೆಂಕಟಲಕ್ಷ್ಮಮ್ಮ ಬ್ಲೀಚಿಂಗ್ ನೀರಿನ ಬಕೆಟ್ಟು ಇಟ್ಟುಕೊಂಡು ನಿಂತಿದ್ದಳು. ಹುಳದ ಮನೆಗೆ ಮಂತ್ರಿ ಬಂದರೂ ಕೈಕಾಲು ತೊಳೆದೇ ಹೋಗಬೇಕು.

“ಬನ್ನಿ ಲತವ್ವ. ಆಳ್ ಕರ್ಕಬತ್ತೀರಿ ಅಂದ್ಕಂಡ್ರೆ ಯಾರಿವ್ರು?”

“ಇವರು ಇತಿಹಾಸದ ಪ್ರೊಫೆಸರು. ಇವರು ಸಂಖ್ಯಾಶಾಸ್ತ್ರ. ಇವರೇ ಇವತ್ತಿನ ಆಳು.”

ವೆಂಕಟಲಕ್ಷ್ಮಮ್ಮ ಇಬ್ಬರನ್ನೂ ಸಂತೆಯಲ್ಲಿ ಎತ್ತು ನೋಡುವಂತೆ ನೋಡಿದಳು. ಆಮೇಲೆ ಮೂಗು ಅರಳಿಸಿದಳು. “ಮೇಷ್ಟ್ರೇ, ನಶ್ಯನಾ?”

ಮೂವತ್ತು ವರ್ಷದಿಂದ ಯಾರೂ ಅನಂತರಾಜು ಅವರನ್ನು ಮೇಷ್ಟ್ರೇ ಅಂದಿರಲಿಲ್ಲ. “ಹೌದು,” ಎಂದರು.

“ಅಯ್ಯೋ ನಿಮ್ಮ! ಹೊಗೆಸೊಪ್ಪಿನ ಗಾಳಿ ಸೋಕುದ್ರೆ ನನ್ ಹುಳ ಹಸ್ರು ಕಕ್ಕಂಡ್ ಸಾಯ್ತವೆ! ಜುಬ್ಬ ಬಿಚ್ಚಿ. ಬಿಚ್ಚಿ ಅಂದೆ. ಡಬ್ಬಿ ಡ್ರೈವರ್ ಸಾಬ್ರ್ ಕೈಗ್ ಕೊಡಿ. ಸೋಪ್ ಹಾಕ್ಕಂಡ್ ಮೂರ್ ಸಲ ಕೈ ತೊಳೀರಿ. ಮಕಾನೂವೆ.”

ಪ್ರೊಫೆಸರ್ ಅನಂತರಾಜು ಬರೀ ಬನಿಯನ್, ಪಂಚೆಯಲ್ಲಿ ನಿಂತು, ಹಿತ್ತಿಲ ಕಲ್ಲಿನ ಬಳಿ ಮೂರು ಸಲ ಮುಖ ತೊಳೆದರು. ನಶ್ಯದ ಡಬ್ಬಿ ಹಬೀಬನ ಜೇಬಿಗೆ ಹೋಯಿತು. “ಭದ್ರವಾಗಿಡು,” ಎಂದರು, ವಿಲ್ ಬರೆಯುವವರ ಗಾಂಭೀರ್ಯದಲ್ಲಿ.

ಹುಳದ ಮನೆ ಎಂದರೆ ಎರಡು ಕೋಣೆ. ಎಡಗಡೆ ಕೋಣೆಯ ಹುಳಕ್ಕೆ ಬರೀ ನೀರು ಚಿಮುಕಿಸಿದ ಸೊಪ್ಪು, ಬಲಗಡೆಯದಕ್ಕೆ ಕಷಾಯದ ಸೊಪ್ಪು. ಎಡಗಡೆಯಿಂದ ಇನ್ನೂ ಜೋರುಮಳೆ ಹುಯ್ಯುವ ಸದ್ದು ಬರುತ್ತಿತ್ತು. ಸಾವಿರಾರು ಬಾಯಿ ಸೊಪ್ಪು ಮೇಯುವ ಸದ್ದು ಅದು. ಬಲಗಡೆ ಕೋಣೆ ನಿಶ್ಶಬ್ದ. ಲತಾಮಣಿ ಹೊಸಿಲಲ್ಲಿ ನಿಂತು ಆ ನಿಶ್ಶಬ್ದವನ್ನು ಕೇಳಿದಳು.

“ಕೇಳಿಸ್ತಾ?” ಎಂದಳು.

“ಏನೂ ಕೇಳಿಸ್ತಿಲ್ಲವಲ್ಲ,” ಎಂದ ಕೆಂಪರಾಜು.

“ಅದೇ! ಒಂದೂ ತಿಂತಿಲ್ಲ! ಎಲ್ಲಾ ಒಟ್ಟಿಗೆ ನಿಲ್ಲಿಸಿಬಿಟ್ಟಿವೆ!”

“ಸಂತೋಸ ಆಮ್ಯಾಕ್ ಪಡಿ,” ಎಂದಳು ವೆಂಕಟಲಕ್ಷ್ಮಮ್ಮ. “ಇಪ್ಪತ್ ಸಾವ್ರ ಹುಳ ಅವೆ. ಕೂರಿ.”

ಹತ್ತು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಮಾರ್ಚ್ ತಿಂಗಳಲ್ಲಿ ಹತ್ತಕ್ಕೆ ಹೋದರೆ ಬರುವುದು ಮೂರಕ್ಕೆ. ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬರದಂತೆ ಬಲೆ ಹೊಡೆದ ಸಣ್ಣ ಕಿಟಕಿಯಿಂದ ಒಂದಿಷ್ಟು ಬೂದು ಬೆಳಕು ಬರುತ್ತಿತ್ತು. ಕೆಂಪರಾಜು ತಟ್ಟೆಯ ಮೇಲೆ ಬಗ್ಗಿ, “ಹಣ್ಣಾಗಿದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?” ಎಂದ.

“ಬಾಳೆಹಣ್ಣು ಕೊಂಡ್ಕಳಕ್ ಬರಕಿಲ್ವಾ ನಿಮ್ಗೆ?”

ಅವನು ಹತ್ತು ಆಯ್ದ. ವೆಂಕಟಲಕ್ಷ್ಮಮ್ಮ ನಾಲ್ಕನ್ನು ವಾಪಸು ತಟ್ಟೆಗೆ ಹಾಕಿದಳು. ಹಾಲುಬಿಳುಪು ಇನ್ನೂ ಉಳಿದಿದ್ದ ಕಾಯಿ ಹುಳ ಅವು. ಅವನು ಎದ್ದು ಹಾಳೆಯಲ್ಲಿ ಗುರುತು ಹಾಕಿಕೊಂಡ.

“ಏನ್ ಬರ್ಕತಿದೀಯಪ್ಪ?”

“ನನ್ನ ತಪ್ಪಿನ ಪ್ರಮಾಣ. ಶೇಕಡ ನಲವತ್ತು.”

“ತೆಪ್ಪು ಆಮ್ಯಾಕ್ ಬರ್ಕಳಿವಂತೆ, ಮೊದ್ಲು ನೆಟ್ಗೆ ಆಯಿ ಮಗಾ.”

ಹನ್ನೊಂದೂವರೆಗೆ ನಾಲ್ಕು ಚಂದ್ರಂಕಿ ತುಂಬಿದ್ದವು. ಆಗಬೇಕಾದದ್ದು ಇಪ್ಪತ್ತು. ಮನೆಯಲ್ಲಿದ್ದದ್ದು ಎಂಟೇ, ಮಿಕ್ಕವನ್ನು ಗುರುವಾರಕ್ಕೆಂದು ಪಕ್ಕದೂರಿನ ಗಂಗಯ್ಯನಲ್ಲಿ ಬಾಡಿಗೆಗೆ ಹೇಳಿತ್ತು. ಜೀಪಿನಲ್ಲಿದ್ದದ್ದನ್ನೆಲ್ಲ ಜಗಲಿಗೆ ಇಳಿಸಿ ಹಬೀಬನನ್ನು ಅತ್ತ ಓಡಿಸಿದ್ದಾಯಿತು. ಆದರೆ ಲತಾಮಣಿ ನೋಡುತ್ತಿದ್ದದ್ದು ಬೇರೆ. ಮೂಲೆಯ ತಟ್ಟೆಯೊಂದರಲ್ಲಿ ಒಂದು ಹುಳ ಹಿಪ್ಪೆಯ ನಡುವೆಯೇ ಎಳೆ ಬಿಡಲು ಶುರು ಮಾಡಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಎಲ್ಲರೂ ಮೂಗು ತಟ್ಟೆಗೆ ತಾಗುವಂತೆ ಬಗ್ಗಿ, ಒಂದೊಂದನ್ನೂ ಎತ್ತಿ ಕಿಟಕಿಯತ್ತ ಹಿಡಿದು ನೋಡಿ, ಹಣ್ಣೋ ಕಾಯೋ ಎಂದು ತೀರ್ಮಾನಿಸುವಷ್ಟರಲ್ಲಿ ಅರ್ಧ ನಿಮಿಷ ಹೋಗುತ್ತಿತ್ತು. ಈ ನಡಿಗೆಯಲ್ಲಿ ಸಂಜೆಯ ಹೊತ್ತಿಗೆ ಒಂಬತ್ತು ಚಂದ್ರಂಕಿಯೂ ಆಗುವುದಿಲ್ಲ. ಮದ್ದು ಗೆದ್ದಿತ್ತು, ಗೆದ್ದದ್ದೇ ಬೆಳೆಯನ್ನು ಹಾಳು ಮಾಡುವುದರಲ್ಲಿತ್ತು.

“ಕಾಣ್ತಿಲ್ಲ,” ಎಂದಳು ಅವಳು. ಕಣ್ಣಲ್ಲಿ ನೀರಿತ್ತು. “ಕಣ್ಣಿಗೆ ಕಾಣ್ತಿಲ್ಲ ಸಾರ್!”

ಅನಂತರಾಜು ಕೈಯಲ್ಲಿದ್ದ ಹುಳವನ್ನು ಕಿಟಕಿಯತ್ತ ಹಿಡಿದರು, ನೇರ ಹಿಡಿದರು, ಪಕ್ಕಕ್ಕೆ ಹಿಡಿದರು. ಆಮೇಲೆ ಅದನ್ನು ಮೆಲ್ಲಗೆ ಇಟ್ಟು, ಎದ್ದು, ಹೊರಗೆ ಹೋದರು.

“ನಶ್ಯಕ್ಕೆ,” ಎಂದ ಕೆಂಪರಾಜು.

“ಡಬ್ಬಿ ಜೀಪ್ನಾಗ್ ಹೋಯ್ತಲ್ಲಾ,” ಎಂದಳು ವೆಂಕಟಲಕ್ಷ್ಮಮ್ಮ.

ಹೊರಗಿನಿಂದ ಪುಟ್ಟಸ್ವಾಮಿಗೆ ಆಜ್ಞೆಗಳು ಕೇಳಿಬಂದವು: “ಇಲ್ಲಿ ನಿಲ್ಲು. ಇನ್ನೊಂದು ಹೆಜ್ಜೆ. ಕೆಳಗೆ, ಕೆಳಗೆ! ತಿರುಗಿಸು. ಹಾಂ, ಅಲ್ಲಾಡಬೇಡ!” ಕಿಟಕಿಯ ಬಲೆಯ ಮೇಲೆ ಫಳ್ಳನೆ ಬಿಸಿಲಿನ ಒಂದು ಚೌಕ ಬಂದು ಬಿತ್ತು.

“ಏ ಏ ಏ! ಬಿಸ್ಲು ಬುಡ್ಬೇಡಿ ಮೇಷ್ಟ್ರೇ! ಹುಳ ಓಡೋಯ್ತವೆ!”

“ಬಿಸಿಲಲ್ಲಮ್ಮಾ, ಬೆಳಕು!” ಅನಂತರಾಜು ಒಳಗೆ ಬಂದಿದ್ದರು. ಕಲ್ಲು ಒರೆಸಲು ತಂದಿದ್ದ ತೆಳು ಬಟ್ಟೆಯನ್ನು ಕಿಟಕಿಗೆ ಎರಡು ಮಡಿಕೆ ಮಾಡಿ ಕಟ್ಟಿದರು. ಉರಿ ಹೋಗಿ ಬೆಳಕಷ್ಟೇ ಸೋಸಿ ಬಂತು. “ಈಗ ತಟ್ಟೆಯನ್ನ ಕಿಟಕಿ ಮಟ್ಟಕ್ಕೆ ಎತ್ತಿ. ಮೇಲಿಂದ ಬೀಳಬಾರದು. ಪಕ್ಕದಿಂದ, ಮೈ ಸವರಿಕೊಂಡು ಹೋಗಬೇಕು. ಇನ್ನೂ ಎತ್ತಿ. ನಿಲ್ಲಿಸಿ!”

ನಿಲ್ಲಿಸಿದರು. ತಟ್ಟೆಯ ತುಂಬ ಹಣ್ಣಾದ ಹುಳಗಳು, ಒಳಗೆ ಯಾರೋ ಬತ್ತಿ ಹಚ್ಚಿದಂತೆ, ಜೇನು ಜೇನಾಗಿ ಬೆಳಗಿದವು. ನಡುವೆ ಅಲ್ಲೊಂದು ಇಲ್ಲೊಂದು ಕಾಯಿ ಹುಳ ಸುಣ್ಣದ ಕಡ್ಡಿಯಂತೆ ಮಂಕಾಗಿ ಉಳಿಯಿತು. ಕುರುಡನೂ ಆಯಬಹುದಿತ್ತು.



“ಅಯ್ ಶಿವ್ನೆ!” ಎಂದಳು ವೆಂಕಟಲಕ್ಷ್ಮಮ್ಮ. “ಮೂವತ್ತೈದ್ ವರ್ಸದಿಂದ ಹುಳ ಮೇಯ್ಸ್ತಿವ್ನಿ, ಹಿಂಗ್ ಕಂಡಿರ್ನಿಲ್ಲ! ಲೋ ಪುಟ್ಸಾಮೀ, ಅಲ್ಲಾಡ್ಬುಟ್ಟೀಯ!”

ಕಟ್ಟಿಕೊಂಡ ಗಂಡನನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲಂತೆ. ಆ ಗಡಿಬಿಡಿಯಲ್ಲಿ ಅದನ್ನು ಗಮನಿಸಿದ್ದು ಪುಟ್ಟಸ್ವಾಮಿ ಒಬ್ಬನೇ. ಅವನು ಅಂಗಳದಲ್ಲಿ ಕನ್ನಡಿ ಹಿಡಿದು ಇನ್ನಷ್ಟು ನೆಟ್ಟಗೆ ನಿಂತ.

“ಸವೆದ ಅಕ್ಷರ ನೇರ ಬೆಳಕಿಗೆ ಕಾಣಲ್ಲಮ್ಮಾ,” ಅನಂತರಾಜು ಎರಡು ಕೈಯಲ್ಲೂ ಆಯುತ್ತ, ತರಗತಿಯಲ್ಲಿ ಎಂದೂ ಮಾತಾಡದಷ್ಟು ಜೋರಾಗಿ ಹೇಳುತ್ತಿದ್ದರು. “ಕನ್ನಡಿ ಹಿಡಿದು ಪಕ್ಕದಿಂದ ಬಿಟ್ಟರೆ ಕಲ್ಲಿನ ಮೇಲೆ ಒಂದೊಂದೇ ಎದ್ದು ಬರ್ತವೆ! ಮೂವತ್ತು ವರ್ಷದಿಂದ ನಾನು ಮಾಡಿದ್ದು ಇದೊಂದೇ!”

“ಮೂವತ್ ವರ್ಸದಿಂದ ನಮ್ಮನೆಗ್ ಯಾಕ್ ಬರ್ನಿಲ್ಲ ಮತ್ತೆ?”

ಇತಿಹಾಸ ಮುಂದಿನ ತಟ್ಟೆಯನ್ನು ಎಳೆದುಕೊಂಡಿತು.

ಹನ್ನೆರಡೂವರೆಗೆ ಎಂಟನೆಯ ಚಂದ್ರಂಕಿ ತುಂಬಿತು. ಇನ್ನು ಹುಳ ಬಿಡಲು ಜಾಗವಿಲ್ಲ ಅನ್ನುವಾಗಲೇ ಹಬೀಬನ ಹಾರನ್ನು ಊರ ಬಾಗಿಲಿಂದ ಬಡಿದುಕೊಳ್ಳುತ್ತ ಬಂತು. ಜೀಪಿನ ಮೇಲೆ ಹನ್ನೆರಡು ಚಂದ್ರಂಕಿಯನ್ನು ಅಡ್ಡಡ್ಡ ಕಟ್ಟಿದ್ದ. ಜೀಪಿಗಿಂತ ಹೊರೆಯೇ ದೊಡ್ಡದಿತ್ತು.

“ದಾರೀಲಿ ಪೊಲೀಸು ಕೈ ಅಡ್ಡ ಹಾಕ್ದ ಸಾರ್. ಏನಯ್ಯಾ ಇದು, ಸರ್ಕಾರಿ ಗಾಡೀಲಿ, ಅಂದ. ಇತಿಹಾಸ ಡಿಪಾರ್ಟ್‌ಮೆಂಟು ಅಂದೆ. ಸಲ್ಯೂಟ್ ಹೊಡ್ದು ಬುಟ್ಟ.”

ನಶ್ಯದ ಡಬ್ಬಿಯನ್ನು ಜೀಪಿನಲ್ಲೇ ಬಿಡಿಸಿ, ಅವನಿಗೂ ಬ್ಲೀಚಿಂಗ್ ನೀರು ತೋರಿಸಿ ಒಳಗೆ ಕೂರಿಸಿದರು. ಒಂದು ಚಂದ್ರಂಕಿಗೆ ಸಾವಿರ ಹುಳ ಎಂದು ವೆಂಕಟಲಕ್ಷ್ಮಮ್ಮ ಹೇಳಿದ ಮೇಲೆ ಕೆಂಪರಾಜು ಹುಳ ಎಣಿಸುವುದನ್ನು ಬಿಟ್ಟು, ಒಂದೊಂದು ಚಂದ್ರಂಕಿ ತುಂಬಿದಾಗಲೂ ಅದರ ಚೌಕಟ್ಟಿಗೆ ಸೀಮೆಸುಣ್ಣದಲ್ಲಿ ಗಂಟೆ ನಿಮಿಷ ಬರೆಯತೊಡಗಿದ. ಅವನ ತಪ್ಪಿನ ಪ್ರಮಾಣ ಶೇಕಡ ಎರಡಕ್ಕೆ ಇಳಿದಿತ್ತು. ಅದನ್ನು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದ.

ಎರಡು ಗಂಟೆಗೆ ಸರದಿಯ ಮೇಲೆ ಜಗಲಿಗೆ ಹೋಗಿ ಮುದ್ದೆ ನುಂಗಿ ಬರುವುದೆಂದಾಯಿತು. ಲತಾಮಣಿ, ಕೆಂಪರಾಜು ಮೊದಲ ಸರದಿ. ಬಡಿಸುತ್ತಿದ್ದ ವೆಂಕಟಲಕ್ಷ್ಮಮ್ಮನನ್ನು ಕೆಂಪರಾಜು ಎಡಗೈಯಲ್ಲಿ ಪೆನ್ನು ಹಿಡಿದೇ ಕೇಳಿದ: “ಅಮ್ಮಾ, ಕಷಾಯ ಮೇಡಮ್ ಬರೆದುಕೊಟ್ಟ ಹಾಗೇ ತಾನೆ ಹಾಕಿದ್ದು?”

“ಹಂಗೇಯ. ಒಸಿ ಜಾಸ್ತಿ ಕುದ್ಸ್ದೆ.”

ಲತಾಮಣಿಯ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿಗೆ ಜಾರಿತು. “ಎಷ್ಟು ಜಾಸ್ತಿ?”

“ಸೇರು ಪಾವಾಗೋ ಗಂಟ.”

ಅಂದರೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿದ್ದಳು. ಬರೆದುಕೊಟ್ಟದ್ದಕ್ಕಿಂತ ನಾಲ್ಕು ಪಟ್ಟು ಗಟ್ಟಿ.

“ಯಾಕಮ್ಮಾ!” ಎಂದ ಕೆಂಪರಾಜು, ಎದ್ದೇ ನಿಂತು. “ಬರೆದಂತೆ ಮಾಡದಿದ್ರೆ ಅದು ಪ್ರಯೋಗವೇ ಅಲ್ಲ!”

“ಇನ್ನೇನಪ್ಪ ಮಾಡನ? ಎರಡ್ ಸಲ ಬರ್ದಂಗೇ ಮಾಡ್ದೆ. ನೀರ್ ನೀರು. ಆಗ್ನಿಲ್ಲ. ಆಗ್ದೇ ಹೋದಾಗ ಈ ಲತವ್ವನ ಮಕ ನೀ ನೋಡಿಲ್ಲ, ನಾ ನೋಡಿವ್ನಿ. ಕಷಾಯ ಅಂದ್ಮೇಲೆ ಕಷಾಯದಂಗ್ ಇರ್ಬೇಕು, ಕುದ್ಸ್ದೆ.” ಅವಳು ಸಾರು ಬಿಟ್ಟಳು. “ಒಂದೇ ದಿನ್ದಾಗ್ ಹಣ್ಣಾಯ್ತವೆ ಅಂದೋರೂ ಇವ್ರೇ, ಮೂರ್ ದಿನುಕ್ ಆಳ್ ಹೇಳಿದೋರೂ ಇವ್ರೇ. ಇವ್ರಿಗೆ ನಂಬ್ಕೆ ಇರ್ನಿಲ್ಲ. ನಂಗ್ ನಂಬ್ಕೆ ಇತ್ತು, ಆಳ್ ಇರ್ನಿಲ್ಲ.”

ಲತಾಮಣಿ ತಲೆ ತಗ್ಗಿಸಿ ಕೂತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಕೆಂಪರಾಜು ಗಾಬರಿಯಾದ. ಅವಳು ತಲೆಯೆತ್ತಿದಾಗ ನಗುತ್ತಿದ್ದಳು, ತಡೆಯಲಾಗದ ನಗು.

“ಪ್ರಮಾಣ! ಎರಡು ವರ್ಷ ಗಿಡ ಸರಿಯಿಲ್ಲ, ತಳಿ ಸರಿಯಿಲ್ಲ, ಹೊತ್ತು ಸರಿಯಿಲ್ಲ ಅಂತ ಹುಡುಕಿದೆ. ಪ್ರಮಾಣ ಸರಿಯಿರಲಿಲ್ಲ ಕೆಂಪರಾಜು!”

“ಆದರೆ ದಾಖಲೆ...”

“ಅಮ್ಮಾ, ಅಳೆದು ಕುದಿಸಿದ್ರಾ, ಅಂದಾಜಾ?”

“ಅಂದಾಜ್ ಯಾಕೆ? ಪಾವು ಐತೆ, ಸೇರು ಐತೆ. ಮಿಕ್ಕಿದ್ದೂ ಬಾಟ್ಲೀಲಿ ಐತೆ, ತಕಂಡೋಗಿ ನೋಡ್ಕಳಿ.”

“ಎಡಗಡೆ ಮನೆಗೆ?” ಎಂದ ಕೆಂಪರಾಜು.

“ಅದುಕ್ ಬರೀ ನೀರು. ನೀವ್ ಹೇಳ್ದಂಗೆ. ಅದೇ ಮೊಟ್ಟೆ, ಅದೇ ಸೊಪ್ಪು, ಒಂದೇ ಹೊತ್ತು.”

ಕೆಂಪರಾಜು ಒಂದೊಂದೇ ಬೆರಳು ಮಡಿಸಿ ಎಣಿಸಿದ. ಅಳತೆಯಿದೆ, ಮಾದರಿಯಿದೆ, ಹೋಲಿಸಲು ಎಡಗಡೆ ಕೋಣೆ ಕೆಡದೆ ಉಳಿದಿದೆ. “ಇದು ತಪ್ಪಲ್ಲ,” ಎಂದ ನಿಧಾನಕ್ಕೆ. “ಇದು ಬೇರೆ ಪ್ರಮಾಣ. ಬೇರೆ ಪ್ರಮಾಣ ಅಂತಲೇ ಬರೀತೀವಿ. ಅಮ್ಮಾ, ನೀವು... ನೀವು ನಮ್ಮ ಡಿಪಾರ್ಟ್‌ಮೆಂಟಲ್ಲಿ ಇರಬೇಕಿತ್ತು!”

“ಇಲ್ಲಿ ಹುಳ ಯಾರ್ ನೋಡ್ಕತಾರೆ? ಉಂಡಾಯ್ತಾ? ನಡೀರಿ ಒಳಕ್ಕೆ.”

ಮಧ್ಯಾಹ್ನವೆಲ್ಲ ಸೂರ್ಯ ಸರಿದಂತೆ ಪುಟ್ಟಸ್ವಾಮಿಯೂ ಸರಿದ. ಅಂಗಳದಿಂದ ತಿಪ್ಪೆಯ ಬಳಿಗೆ, ಅಲ್ಲಿಂದ ಹುಲ್ಲಿನ ಮೆದೆಗೆ, ನಾಲ್ಕೂವರೆಯ ಹೊತ್ತಿಗೆ ಪಕ್ಕದ ಮನೆಯ ಮಾಳಿಗೆಗೆ. ಊರವರು ಇಬ್ಬರು ಮೂವರು ಬಂದು, “ಏನ್ಲಾ ಪುಟ್ಸಾಮಿ, ಏರೋಪ್ಲೇನ್ ಇಳುಸ್ತಿದೀಯಾ?” ಎಂದು ಕೇಳಿದರು. ಒಳಗೆ ಕಂಡದ್ದನ್ನು ಕಂಡ ಮೇಲೆ ಕಾಲು ತೊಳೆದು ತಾವೂ ಕೂತರು. ಮೂರಕ್ಕೆ ಕರೆಂಟು ಬಂತು. ಬಲ್ಬಿನ ಬೆಳಕು ನೆತ್ತಿಯ ಮೇಲಿಂದ ಬೀಳುತ್ತದೆಂದು ಅನಂತರಾಜು ಅದನ್ನು ಆರಿಸಲು ಹೇಳಿದರು. ಅವರು ಬೆಳಗಿನಿಂದ ನಶ್ಯ ಕೇಳಿರಲಿಲ್ಲ. ಹಬೀಬ್ ಒಮ್ಮೆ ತಾನಾಗಿಯೇ ಜೀಪಿನತ್ತ ಕೈ ತೋರಿ, ಮೂಗು ಸವರಿ ಸನ್ನೆ ಮಾಡಿದ. “ಈಗ ಬೇಡ ಮಾರಾಯ, ಹದಿನೇಳನೇದು ಮುಗೀತಾ ಬಂತು!” ಎಂದರು.

ಇಪ್ಪತ್ತನೆಯ ಚಂದ್ರಂಕಿಯ ಮೇಲೆ ಕೊನೆಯ ಹುಳ ಬಿಟ್ಟಾಗ ಐದೂ ನಲವತ್ತು. ಅದನ್ನು ಬಿಟ್ಟವಳು ಲತಾಮಣಿ. ಬೆಳಗ್ಗೆ ವೆಂಕಟಲಕ್ಷ್ಮಮ್ಮ ಮೊದಲ ಹುಳ ಆಯ್ದದ್ದು ಆರೂವರೆಗೆ. ಕೆಂಪರಾಜು ಗೋಡೆಯ ಮೇಲೆಯೇ ಕಳೆದು ಬರೆದ: ಹನ್ನೊಂದು ಗಂಟೆ ಹತ್ತು ನಿಮಿಷ. ಎಡಗಡೆ ಕೋಣೆಯಲ್ಲಿ ಅಷ್ಟು ಹೊತ್ತಿಗೆ ಹಣ್ಣಾಗಿದ್ದು ಎರಡು ಚಂದ್ರಂಕಿಗಾಗುವಷ್ಟು. ಮಿಕ್ಕವು ಇನ್ನೂ ಮಳೆ ಸುರಿಸುತ್ತಲೇ ಇದ್ದವು.

“ಈಗ ಹೇಳು,” ಎಂದಳು ಲತಾಮಣಿ.

ಕೆಂಪರಾಜು ಪೆನ್ನಿನ ಮುಚ್ಚಳ ಹಾಕಿದ. “ಇದಕ್ಕೆ ಲೆಕ್ಕ ಬೇಕಾಗಿಲ್ಲ ಮೇಡಮ್,” ಎಂದ. ಸಂಖ್ಯಾಶಾಸ್ತ್ರದವನ ಬಾಯಲ್ಲಿ ಅದು ದೊಡ್ಡ ಮಾತು. ತಕ್ಷಣ ಪಶ್ಚಾತ್ತಾಪವಾಗಿ, “ಆದರೂ ಮಾಡ್ತೀನಿ,” ಎಂದು ಸೇರಿಸಿದ.

ಮರಳುವಾಗ ಅನಂತರಾಜು ಮುಂದಿನ ಸೀಟಿನ ಬಾಗಿಲು ತೆರೆದು, ಲತಾಮಣಿಗೆ ಕೈ ತೋರಿಸಿ, ತಾವು ಹಿಂದೆ ಹತ್ತಿದರು. ಚನ್ನಪಟ್ಟಣ ದಾಟುವವರೆಗೂ ಮೂವರೂ ಒಟ್ಟಿಗೇ ಮಾತಾಡುತ್ತಿದ್ದರು; ಯಾರು ಯಾರಿಗೆ ಹೇಳುತ್ತಿದ್ದಾರೆಂದು ಹಬೀಬನಿಗೆ ತಿಳಿಯಲಿಲ್ಲ. ಪ್ರೊಫೆಸರರ ಜುಬ್ಬ ಅಕ್ಕೂರಿನ ಹಿತ್ತಿಲ ಹಗ್ಗದ ಮೇಲೇ ಉಳಿದಿತ್ತು.

ಗುರುವಾರ ಬೆಳಗ್ಗೆ ಬೋರಲಿಂಗಯ್ಯ ಲಾಗ್ ಬುಕ್ ತರಿಸಿದರು. ಪ್ರಯಾಣದ ಉದ್ದೇಶ ಎಂಬಲ್ಲಿ ಅನಂತರಾಜು ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು: ಪಾರ್ಶ್ವ ಬೆಳಕಿನಲ್ಲಿ ಓದುವ ವಿಧಾನದ ಪರೀಕ್ಷೆ, ಅಕ್ಕೂರು. ಓದಿದ್ದು ಏನನ್ನು ಎಂದು ಬರೆದಿರಲಿಲ್ಲ. ನಿರ್ದೇಶಕರು ಎರಡು ಸಲ ಓದಿ, ಕನ್ನಡಕ ತೆಗೆದು, ಸಹಿ ಹಾಕಿದರು.

ಎಡಗಡೆ ಕೋಣೆಯ ಹುಳ ಪೂರ್ತಿ ಹಣ್ಣಾಗಲು ಶುಕ್ರವಾರ ಸಂಜೆಯಾಯಿತು. ಗೊತ್ತು ಮಾಡಿದ್ದ ಆಳುಗಳು ಬಂದು ಅದನ್ನು ಆಯ್ದುಕೊಟ್ಟರು. ಬಿಡಿಸಿ ತೂಗಿದಾಗ ಬಲಗಡೆಯದು ಮೂವತ್ತೊಂದು ಕೆ.ಜಿ. ಗೂಡು, ಎಡಗಡೆಯದು ಇಪ್ಪತ್ತೊಂಬತ್ತೂವರೆ. ವರದಿಯಲ್ಲಿ ಕಷಾಯದ ಪ್ರಮಾಣ ನಿರ್ಧರಿಸಿದವರು ಎಂಬ ಜಾಗದಲ್ಲಿ ವೆಂಕಟಲಕ್ಷ್ಮಮ್ಮ, ಅಕ್ಕೂರು ಎಂದು ಹಾಕಲಾಯಿತು. ಏಪ್ರಿಲ್ ಮೂರರಂದು ಯೋಜನೆಯನ್ನು ಇನ್ನೆರಡು ವರ್ಷ ಮುಂದುವರಿಸಿ ಆದೇಶ ಬಂತು. ಬುಧವಾರದ ಜೀಪು ಇತಿಹಾಸ ವಿಭಾಗದಲ್ಲೇ ಉಳಿಯಿತು.